ಹಿತ್ತಲ ಗಿಡ

ಯೂರೋಪಿನ ಭೂಪಟದಲ್ಲಿ ಇಟಲಿ ದೇಶವನ್ನು ಗುರುತಿಸುವುದು ಶಾಲೆಯ ಮಕ್ಕಳಿಗೂ ಕಷ್ಟವಲ್ಲ. ಎತ್ತರದ ಬೂಟು ತೊಟ್ಟ ಕಾಲೊಂದು ಮೆಡಿಟರೇನಿಯನ್ ಸಮುದ್ರಕ್ಕೆ ಇಳಿದಂತೆ ಅದರ ಆಕಾರ. ಬೂಟಿನ ಮೊನೆಯ ಮುಂದೆಯೇ ಸಿಸಿಲಿ ದ್ವೀಪವಿದೆ. ಪಡುವಣ ಕಡಲಿನಲ್ಲಿ ಸಾರ್ಡಿನಿಯಾ ದ್ವೀಪವಿದೆ. ಉತ್ತರದ ಗಡಿಯಲ್ಲಿ ಆಲ್ಪ್ಸ್ ಪರ್ವತಗಳು, ನಾಡಿನ ನಡುವೆ ಬೆನ್ನೆಲುಬಿನಂತೆ ಅಪೆನೈನ್ ಪರ್ವತಶ್ರೇಣಿ. ಇಂದು ಒಂದೇ ರಾಷ್ಟ್ರವಾಗಿರುವ ಈ ನಾಡು 1861ಕ್ಕೆ ಮೊದಲು ಹಲವು ರಾಜ್ಯಗಳಾಗಿ ಹಂಚಿಹೋಗಿತ್ತು. ಮಧ್ಯಯುಗದಲ್ಲಂತೂ ವೆನಿಸ್, ಜಿನೋವಾ, ಫ್ಲಾರೆನ್ಸ್, ಪೀಸಾ ಮೊದಲಾದ ಪಟ್ಟಣಗಳು ಒಂದೊಂದೂ ಒಂದೊಂದು ರಾಜ್ಯ. ಒಂದೊಂದಕ್ಕೂ ತನ್ನದೇ ನಾಣ್ಯ, ತನ್ನದೇ ಸೈನ್ಯ, ತನ್ನದೇ ಹಗೆ. ಆದುದರಿಂದಲೇ ಇಟಲಿಯವರಲ್ಲಿ ದೇಶಾಭಿಮಾನಕ್ಕಿಂತ ಊರಿನ ಅಭಿಮಾನವೇ ಹಳೆಯದು. ಈ ಅಭಿಮಾನಕ್ಕೆ ಅವರ ಭಾಷೆಯಲ್ಲಿ 'ಕಂಪಾನಿಲಿಸ್ಮೊ' ಎಂಬ ಹೆಸರಿದೆ. 'ಕಂಪಾನಿಲೆ' ಎಂದರೆ ಇಗರ್ಜಿಯ ಗಂಟೆಗೋಪುರ. ತನ್ನ ಊರಿನ ಗಂಟೆಗೋಪುರ ಕಣ್ಣಿಗೆ ಬೀಳುವವರೆಗೆ ತನ್ನ ಲೋಕ ಎಂಬುದು ಆ ಮಾತಿನ ಹಿಂದಿರುವ ಭಾವನೆ.

ಇಂಥ ನಾಡಿನಲ್ಲಿ ಸಂಚರಿಸುವ ಪ್ರವಾಸಿಗನಿಗೆ ಊರೂರಿನ ಚೌಕದಲ್ಲಿಯೂ ಅಲ್ಲಿ ಹುಟ್ಟಿದ ಮಹನೀಯರ ಪ್ರತಿಮೆಗಳು ಎದುರಾಗುತ್ತವೆ. ಬೀದಿಗಳಿಗೆ ಅವರ ಹೆಸರು, ಶಾಲೆಗಳಿಗೆ ಅವರ ಹೆಸರು. ವೆನಿಸ್ಸಿನ ವಿಮಾನ ನಿಲ್ದಾಣಕ್ಕೆ ಮಾರ್ಕೋ ಪೋಲೋನ ಹೆಸರನ್ನೂ ಪೀಸಾದ ನಿಲ್ದಾಣಕ್ಕೆ ಗೆಲಿಲಿಯೋನ ಹೆಸರನ್ನೂ ಜಿನೋವಾದ ನಿಲ್ದಾಣಕ್ಕೆ ಕೊಲಂಬಸ್‌ನ ಹೆಸರನ್ನೂ ಇಟ್ಟಿದ್ದಾರೆ. ಮೂವರೂ ಊರು ಬಿಟ್ಟು ಹೋದವರೇ. ಇವರನ್ನು ಹೆತ್ತ ಊರುಗಳು ಇವರು ಬದುಕಿದ್ದಾಗ ಇವರನ್ನು ಹೇಗೆ ನಡೆಸಿಕೊಂಡವು ಎಂದು ಪ್ರತಿಮೆಯ ಪೀಠದ ಮೇಲಿನ ಬರಹದಲ್ಲಿ ಸಾಮಾನ್ಯವಾಗಿ ತಿಳಿಯುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಕನ್ನಡದ ಗಾದೆ ಹೇಳುತ್ತದೆ. ಉತ್ತರದ ವೆನಿಸ್ಸಿನಿಂದ ದಕ್ಷಿಣದ ಸಿಸಿಲಿಯವರೆಗೆ ಒಂದು ಸುತ್ತು ಬಂದರೆ ಆ ಗಾದೆ ನೆನಪಾಗುವ ಸ್ಥಳಗಳು ಒಂದೆರಡಲ್ಲ.

ವೆನಿಸ್ ನೂರಕ್ಕೂ ಹೆಚ್ಚು ಕಿರುದ್ವೀಪಗಳ ಮೇಲೆ ಕಟ್ಟಿದ ನಗರ. ಅಲ್ಲಿ ಬೀದಿಗಳೇ ಕಾಲುವೆಗಳು. ಅಂಚೆಯ ಚೀಲ, ತರಕಾರಿಯ ಬುಟ್ಟಿ, ರೋಗಿ, ಶವ, ಮದುವಣಗಿತ್ತಿ, ಎಲ್ಲರಿಗೂ ಎಲ್ಲಕ್ಕೂ ದೋಣಿಯೇ ವಾಹನ. ಈ ನಗರದ ಮಾರ್ಕೋ ಪೋಲೋ 1271ರಲ್ಲಿ ತಂದೆ ಹಾಗೂ ಚಿಕ್ಕಪ್ಪನ ಜೊತೆಯಲ್ಲಿ ಹೊರಟು ಚೀನಾವನ್ನು ಕಂಡು 1295ರಲ್ಲಿ ಹಿಂದಿರುಗಿದನು. ಜಿನೋವಾದವರ ಕೈಗೆ ಸೆರೆ ಸಿಕ್ಕಿದಾಗ, ಪೀಸಾದ ರುಸ್ತಿಚೆಲ್ಲೊ ಎಂಬ ಸಹಬಂದಿಯ ಮುಂದೆ ತಾನು ಕಂಡದ್ದನ್ನು ಹೇಳಿ ಬರೆಯಿಸಿದನು. ಊರಿನ ಜನ ಅದನ್ನು ಅತಿಶಯೋಕ್ತಿ ಎಂದು ಎಣಿಸಿದರೆಂದೂ, ಸಾಯುವ ಹೊತ್ತಿನಲ್ಲಾದರೂ ಸುಳ್ಳನ್ನು ಒಪ್ಪಿಕೊಳ್ಳೆಂದು ಸ್ನೇಹಿತರು ಒತ್ತಾಯಿಸಿದಾಗ, ಕಂಡದ್ದರಲ್ಲಿ ಅರ್ಧವನ್ನೂ ಹೇಳಿಲ್ಲವೆಂದು ಅವನು ಉತ್ತರಿಸಿದನೆಂದೂ ಒಂದು ಹಳೆಯ ಕಥೆಯಿದೆ. ಅವನು ತೀರಿಕೊಂಡುದು 1324ರಲ್ಲಿ. ಸಾನ್ ಲೊರೆಂಜೊ ಇಗರ್ಜಿಯಲ್ಲಿದ್ದ ಅವನ ಸಮಾಧಿ ಇಂದು ಉಳಿದಿಲ್ಲ.

ಕನ್ನಡ ನಾಡಿನಿಂದ ಹೋದ ಪ್ರವಾಸಿಗ ವೆನಿಸ್ಸಿನಲ್ಲಿಯೇ ನಿಂತುಬಿಡಬಾರದು. ಅದೇ ಹಿನ್ನೀರಿನ ದಕ್ಷಿಣದ ತುದಿಯಲ್ಲಿ ಕಿಯೊಜ್ಜಾ ಎಂಬ ಬೆಸ್ತರ ಊರಿದೆ. ಸುಮಾರು 1420ರಲ್ಲಿ ವಿಜಯನಗರವನ್ನು ಕಂಡ ನಿಕೊಲೊ ಕಾಂಟಿ ಈ ಊರಿನವನು. ಆ ರಾಜಧಾನಿಯ ಸುತ್ತಳತೆ ಅರವತ್ತು ಮೈಲಿ ಎಂದು ಹೇಳಿದವನು, ಅಲ್ಲಿ ಗುಡಿಗಳಲ್ಲಿಯೂ ಮನೆಗಳ ಮೇಲೆಯೂ ಎಣ್ಣೆಯ ದೀಪಗಳನ್ನು ಸಾಲಾಗಿ ಹಚ್ಚುವ ಹಬ್ಬವನ್ನು ವರ್ಣಿಸಿದವನು ಇವನೇ. ಇಪ್ಪತ್ತೈದು ವರ್ಷಗಳ ತಿರುಗಾಟ ಮುಗಿಸಿ ಹೆಂಡತಿ ಮಕ್ಕಳೊಡನೆ ಹಿಂದಿರುಗುವಾಗ, ಅವರ ಪ್ರಾಣ ಉಳಿಸಿಕೊಳ್ಳುವುದಕ್ಕಾಗಿ ದಾರಿಯಲ್ಲಿ ತನ್ನ ಮತವನ್ನೇ ಬಿಡಬೇಕಾಯಿತು. ಅಷ್ಟು ಮಾಡಿಯೂ ಫಲವಾಗಲಿಲ್ಲ. ಈಜಿಪ್ಟಿನಲ್ಲಿ ಪ್ಲೇಗು ತಗಲಿ ಹೆಂಡತಿಯೂ ಇಬ್ಬರು ಮಕ್ಕಳೂ ತೀರಿಕೊಂಡರು. ಊರಿಗೆ ಬಂದವನು ನಾಲ್ಕನೆಯ ಯುಜೀನ್ ಪೋಪನಲ್ಲಿ ಕ್ಷಮೆ ಬೇಡಿದನು. ತನ್ನ ಯಾತ್ರೆಯ ವೃತ್ತಾಂತವನ್ನು ಪೋಪನ ಕಾರ್ಯದರ್ಶಿಯಾಗಿದ್ದ ಪೊಜ್ಜೊ ಎಂಬ ವಿದ್ವಾಂಸನ ಮುಂದೆ ಸತ್ಯವಾಗಿ ಹೇಳಬೇಕೆಂಬುದೇ ಅವನಿಗೆ ವಿಧಿಸಿದ ಪ್ರಾಯಶ್ಚಿತ್ತ ಎಂದು ಹೇಳುತ್ತಾರೆ. ಪೊಜ್ಜೊ ಅದನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟನು. ವಿಜಯನಗರದ ವೈಭವವನ್ನು ಕುರಿತು ಚರಿತ್ರೆಯ ಪುಸ್ತಕಗಳಲ್ಲಿ ಬರುವ ಕೆಲವು ಸಾಲುಗಳು ಹೀಗೆ, ಮನೆಮಂದಿಯನ್ನು ಕಳೆದುಕೊಂಡು ಬಂದವನೊಬ್ಬನ ಪಶ್ಚಾತ್ತಾಪದಿಂದ ದೊರೆತವು.

ವೆನಿಸ್ಸಿನಿಂದ ತೆಂಕಣಕ್ಕೆ, ಅಪೆನೈನ್ ಪರ್ವತಗಳನ್ನು ದಾಟಿದರೆ, ಆರ್ನೊ ನದಿಯ ದಂಡೆಯ ಮೇಲೆ ಫ್ಲಾರೆನ್ಸ್ ನಗರ ಸಿಗುತ್ತದೆ. ಚಿತ್ರ, ಶಿಲ್ಪ, ವಾಸ್ತು, ಕಾವ್ಯ, ವಿಜ್ಞಾನ ಎಲ್ಲದರಲ್ಲಿಯೂ ಪ್ರಪಂಚಕ್ಕೆ ದೊಡ್ಡವರನ್ನು ಕೊಟ್ಟ ಈ ನಗರಕ್ಕೆ ಸಮನಾದ ಊರುಗಳು ವಿರಳ. ಇಲ್ಲಿನ ಸಾಂತಾ ಕ್ರೋಚೆ ಇಗರ್ಜಿಯ ಒಳಹೊಕ್ಕವರು ಬಲಗಡೆಯ ಗೋಡೆಯ ಉದ್ದಕ್ಕೆ ನಡೆದರೆ ಮೊದಲು ಮೈಕೆಲೆಂಜೆಲೊನ ಸಮಾಧಿಯನ್ನೂ ಅದರ ಮುಂದೆ ಮಹಾಕವಿ ಡಾಂಟೆಯ ಭವ್ಯವಾದ ಸಮಾಧಿಯನ್ನೂ ಕಾಣುತ್ತಾರೆ. ಡಾಂಟೆಯ ಸಮಾಧಿಯ ಬಳಿ ಕಲ್ಲಿನ ಮೂರ್ತಿಯೊಂದು ತಲೆಬಾಗಿ ಶೋಕಿಸುತ್ತಿದೆ. ಆದರೆ ಅದರ ಒಳಗೆ ಏನೂ ಇಲ್ಲ. 1830ರಲ್ಲಿ ಅನಾವರಣವಾದ ಆ ಸ್ಮಾರಕ ಅಂದಿನಿಂದ ಇಂದಿನವರೆಗೂ ಬರಿದಾಗಿಯೇ ಇದೆ. ಅದು ಬರಿದಾಗಿರುವುದಕ್ಕೆ ಫ್ಲಾರೆನ್ಸ್ ನಗರವೇ ಕಾರಣ.

ಡಾಂಟೆ 1265ರಲ್ಲಿ ಫ್ಲಾರೆನ್ಸಿನಲ್ಲಿ ಹುಟ್ಟಿದನು. 1300ರಲ್ಲಿ ನಗರವನ್ನಾಳುವ ಮಂಡಲಿಯ ಸದಸ್ಯರಲ್ಲಿ ಒಬ್ಬನಾಗಿದ್ದನು. ಆಗ ನಗರದಲ್ಲಿ ಎರಡು ಪಂಗಡಗಳು ಕತ್ತಿ ಮಸೆಯುತ್ತಿದ್ದವು. ಡಾಂಟೆ ಹೊರಗೆ ಹೋಗಿದ್ದ ಸಮಯದಲ್ಲಿ ಎದುರು ಪಂಗಡದ ಕೈ ಮೇಲಾಯಿತು. 1302ರ ಜನವರಿಯಲ್ಲಿ ಅವನ ಮೇಲೆ ಹಣದ ದುರುಪಯೋಗದ ಆರೋಪ ಹೊರಿಸಿ, ಜುಲ್ಮಾನೆಯನ್ನೂ ಗಡಿಪಾರನ್ನೂ ವಿಧಿಸಿದರು. ಅವನು ಬಂದು ದಂಡ ತೆರಲಿಲ್ಲ. ಮಾರ್ಚ್ ತಿಂಗಳಿನಲ್ಲಿ, ಕೈಗೆ ಸಿಕ್ಕಿದರೆ ಜೀವಸಹಿತ ಸುಡಬೇಕೆಂದು ತೀರ್ಪಾಯಿತು. ಅಂದಿನಿಂದ ಸಾಯುವವರೆಗೆ, ಹತ್ತೊಂಬತ್ತು ವರ್ಷ ಕಾಲ, ಅವನು ಹುಟ್ಟೂರಿನ ಮಣ್ಣನ್ನು ಮೆಟ್ಟಲಿಲ್ಲ. 1315ರಲ್ಲಿ ತಪ್ಪೊಪ್ಪಿಕೊಂಡು ಹಣ ಕಟ್ಟಿದರೆ ಒಳಕ್ಕೆ ಬಿಡುವುದಾಗಿ ಊರು ಹೇಳಿಕಳುಹಿಸಿತು. ಮಾಡದ ತಪ್ಪನ್ನು ಒಪ್ಪಿಕೊಂಡು ಊರು ಸೇರುವುದಕ್ಕೆ ಅವನ ಮನಸ್ಸು ಒಡಂಬಡಲಿಲ್ಲ.

'ಡಿವೈನ್ ಕಾಮೆಡಿ' ಎಂದು ಹೆಸರಾದ ಮಹಾಕಾವ್ಯ ಈ ಅಲೆದಾಟದ ವರ್ಷಗಳ ಫಲ. ವಿದ್ವಾಂಸರ ಲ್ಯಾಟಿನ್ ಭಾಷೆಯನ್ನು ಬಿಟ್ಟು, ತನ್ನನ್ನು ಹೊರಗಟ್ಟಿದ ಆ ಊರಿನ ಜನರ ಆಡುನುಡಿಯಲ್ಲಿಯೇ ಅವನು ಅದನ್ನು ಬರೆದನು. ಇಂದಿನ ಇಟಾಲಿಯನ್ ಭಾಷೆಗೆ ಆ ನುಡಿಯೇ ತಳಹದಿಯಾಯಿತು. ಊರು ಅವನನ್ನು ಹೊರಗೆ ಹಾಕಿದರೂ ಊರಿನ ಮಾತನ್ನು ಅವನ ಬಾಯಿಂದ ಕಿತ್ತುಕೊಳ್ಳಲಾರದೆ ಹೋಯಿತು. ಕಾವ್ಯದಲ್ಲಿ ಅವನು ಫ್ಲಾರೆನ್ಸಿನ ಮೇಲೆ ಕೋಪವನ್ನು ಕಾರಿದ್ದಾನೆ. ತನ್ನ ಕಾಲದ ಅನೇಕ ಫ್ಲಾರೆನ್ಸಿಗರನ್ನು ಹೆಸರು ಹಿಡಿದು ನರಕದಲ್ಲಿಯೇ ಇರಿಸಿದ್ದಾನೆ. ಅಷ್ಟೇ ಪ್ರೀತಿಯನ್ನೂ ಅದರಲ್ಲಿ ಕಾಣಬಹುದು. ಎರಡನ್ನೂ ಬೇರೆ ಬೇರೆ ಮಾಡುವುದು ಸುಲಭವಲ್ಲ.

ಅವನಿಗೆ ಕೊನೆಯ ಆಶ್ರಯ ಕೊಟ್ಟ ಊರು ಪರ್ವತಗಳಾಚೆಯ ರವೆನ್ನಾ. ಅಲ್ಲಿನ ಒಡೆಯ ಗೈಡೊ ನೊವೆಲ್ಲೊ ಕವಿಯನ್ನು ಗೌರವದಿಂದ ಕಂಡನು. ಆ ಒಡೆಯನ ರಾಯಭಾರಿಯಾಗಿ ವೆನಿಸ್ಸಿಗೆ ಹೋಗಿಬಂದ ಡಾಂಟೆ ಜ್ವರ ಹಿಡಿದು 1321ರ ಸೆಪ್ಟೆಂಬರಿನಲ್ಲಿ ರವೆನ್ನಾದಲ್ಲಿ ಸತ್ತನು; ಅಲ್ಲಿಯೇ ಮಣ್ಣಾದನು. ಮುಂದೆ ಅವನ ಕೀರ್ತಿ ಬೆಳೆದಂತೆಲ್ಲ ಫ್ಲಾರೆನ್ಸಿಗೆ ತನ್ನ ನಷ್ಟ ಗೊತ್ತಾಗತೊಡಗಿತು. ಅವನ ಅಸ್ಥಿಗಳನ್ನು ಕೊಡಿ ಎಂದು ಅದು ಮತ್ತೆ ಮತ್ತೆ ಕೇಳಿತು. ಬದುಕಿದ್ದವನನ್ನು ಕಾಪಾಡಿದವರು ತಾವು, ಸತ್ತಮೇಲೆ ಅವನು ತಮ್ಮವನೇ ಎಂಬುದು ರವೆನ್ನಾದವರ ನಿಲುವಾಗಿತ್ತು. 1519ರಲ್ಲಿ ಫ್ಲಾರೆನ್ಸಿನವನೇ ಆದ ಹತ್ತನೆಯ ಲಿಯೊ ಪೋಪನಾಗಿದ್ದನು. ರವೆನ್ನಾ ಅವನ ಆಡಳಿತಕ್ಕೆ ಒಳಪಟ್ಟಿತ್ತು. ಊರಿನ ಪ್ರಮುಖರು ಅವನಿಗೆ ಮನವಿ ಬರೆದರು. ಕವಿಗೆ ತಕ್ಕ ಸಮಾಧಿಯನ್ನು ತಾನೇ ಕಡೆದುಕೊಡುವುದಾಗಿ ಮೈಕೆಲೆಂಜೆಲೊ ಅದಕ್ಕೆ ರುಜು ಹಾಕಿದನು. ಪೋಪನ ಅಪ್ಪಣೆ ದೊರೆಯಿತು. ಫ್ಲಾರೆನ್ಸಿನ ದೂತರು ಹೋಗಿ ಕಲ್ಲಿನ ಪೆಟ್ಟಿಗೆಯ ಮುಚ್ಚಳ ಎತ್ತಿಸಿ ನೋಡಿದರೆ, ಒಳಗೆ ಅಸ್ಥಿಗಳಿರಲಿಲ್ಲ!

ಪಕ್ಕದ ಮಠದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಸುದ್ದಿ ತಿಳಿದು, ಹಿಂದಿನ ಗೋಡೆಯಲ್ಲಿ ಕಂಡಿ ಕೊರೆದು ಅಸ್ಥಿಗಳನ್ನು ಸಾಗಿಸಿಬಿಟ್ಟಿದ್ದರು. ಮಠದವರು ಆ ಗುಟ್ಟನ್ನು ತಲೆಮಾರುಗಳ ಕಾಲ ಕಾಯ್ದರು. 1677ರಲ್ಲಿ ಆ ಮಠದ ಸನ್ಯಾಸಿಯೊಬ್ಬನು ಅವುಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಇವು ಡಾಂಟೆಯ ಅಸ್ಥಿಗಳು ಎಂದು ಅದರ ಮೇಲೆ ಬರೆದನು. 1810ರಲ್ಲಿ ನೆಪೋಲಿಯನ್ನನ ಆಡಳಿತ ಸನ್ಯಾಸಿಗಳನ್ನು ಮಠದಿಂದ ಹೊರಡಿಸಿದಾಗ, ಅವರು ಪೆಟ್ಟಿಗೆಯನ್ನು ಗೋಡೆಯೊಳಗೆ ಇಟ್ಟು ಮುಚ್ಚಿ ಹೊರಟುಹೋದರು. ಆಮೇಲೆ ಅದು ಎಲ್ಲಿದೆಯೆಂದು ಬಲ್ಲವರೇ ಇಲ್ಲವಾದರು. ಜನ ಬರಿಯ ಸಮಾಧಿಗೇ ಕೈಮುಗಿಯುತ್ತಿದ್ದರು. ಕಡೆಗೆ 1865ರಲ್ಲಿ, ಕವಿಯ ಆರುನೂರನೆಯ ಜನ್ಮೋತ್ಸವಕ್ಕೆಂದು ರಿಪೇರಿ ನಡೆಯುತ್ತಿದ್ದಾಗ, ಕೆಲಸಗಾರನೊಬ್ಬನ ಗುದ್ದಲಿಗೆ ಆ ಪೆಟ್ಟಿಗೆ ಸಿಕ್ಕಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬುಗಳ ಭಯದಿಂದ ರವೆನ್ನಾದವರು ಅಸ್ಥಿಗಳನ್ನು ಮತ್ತೊಮ್ಮೆ ಹೊರತೆಗೆದು, 1944ರ ಮಾರ್ಚಿನಿಂದ 1945ರ ಡಿಸೆಂಬರಿನವರೆಗೆ ಪಕ್ಕದ ತೋಟದ ಮಣ್ಣಿನ ದಿಬ್ಬದಲ್ಲಿ ಹುಗಿದು ಕಾಪಾಡಿದರು. ಆ ದಿಬ್ಬವನ್ನು ಈಗಲೂ ತೋರಿಸುತ್ತಾರೆ.

ರವೆನ್ನಾದ ಸಮಾಧಿ ಮಂಟಪ ಚಿಕ್ಕದು. ಸಾಂತಾ ಕ್ರೋಚೆಯ ಬರಿಯ ಸಮಾಧಿಯ ವೈಭವ ಅದಕ್ಕಿಲ್ಲ. ಒಳಗೆ ಒಂದು ದೀಪ ಉರಿಯುತ್ತಿರುತ್ತದೆ. ಆ ದೀಪಕ್ಕೆ ಎಣ್ಣೆ ಬರುವುದು ಫ್ಲಾರೆನ್ಸಿನಿಂದ. 1908ರಿಂದ ನಡೆದುಬಂದ ಪದ್ಧತಿಯಂತೆ, ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಫ್ಲಾರೆನ್ಸಿನ ಪ್ರತಿನಿಧಿಗಳು ಟಸ್ಕನಿಯ ಗುಡ್ಡಗಳಲ್ಲಿ ಬೆಳೆದ ಆಲಿವ್ ಎಣ್ಣೆಯನ್ನು ತಂದು ಒಪ್ಪಿಸುತ್ತಾರೆ. 1302ರ ತೀರ್ಪನ್ನು ರದ್ದು ಮಾಡಬೇಕೆಂದು ಫ್ಲಾರೆನ್ಸಿನ ನಗರಸಭೆ ನಿರ್ಣಯ ಮಾಡಿದುದು 2008ರಲ್ಲಿ. ಏಳುನೂರು ವರ್ಷಗಳ ಮೇಲೆ ಮಂಡಿತವಾದ ಆ ನಿರ್ಣಯಕ್ಕೂ ಕೆಲವರು ವಿರೋಧವಾಗಿ ಮತ ಹಾಕಿದರೆಂಬುದನ್ನು ಕೇಳಿದರೆ, ಊರ ಪಂಗಡಗಳು ಅಷ್ಟು ಬೇಗ ಸಾಯುವುದಿಲ್ಲ ಎನ್ನಿಸುತ್ತದೆ.

ಡಾಂಟೆಯ ವಿಷಯದಲ್ಲಿ ಸೋತ ಫ್ಲಾರೆನ್ಸ್ ಮೈಕೆಲೆಂಜೆಲೊನ ವಿಷಯದಲ್ಲಿ ಎಚ್ಚರ ತಪ್ಪಲಿಲ್ಲ. ಅವನು 1564ರ ಫೆಬ್ರವರಿ 18ರಂದು ರೋಮಿನಲ್ಲಿ ತೀರಿಕೊಂಡಾಗ ರೋಮಿನವರು ಅವನನ್ನು ತಮ್ಮಲ್ಲಿಯೇ ಉಳಿಸಿಕೊಳ್ಳಬೇಕೆಂದಿದ್ದರು. ಅವನ ತಮ್ಮನ ಮಗ ಶವವನ್ನು ವ್ಯಾಪಾರದ ಸರಕಿನಂತೆ ಮೂಟೆ ಕಟ್ಟಿಸಿ ಗುಟ್ಟಾಗಿ ಫ್ಲಾರೆನ್ಸಿಗೆ ಸಾಗಿಸಿದನು! ಹೀಗೆ ಬಂದವನ ಎದುರಿಗೇ, ಅದೇ ಸಾಂತಾ ಕ್ರೋಚೆಯಲ್ಲಿ, ಗೆಲಿಲಿಯೋನ ಸಮಾಧಿಯಿದೆ. ಗೆಲಿಲಿಯೋ ಪೀಸಾದಲ್ಲಿ ಹುಟ್ಟಿದುದು ಮೈಕೆಲೆಂಜೆಲೊ ಸಾಯುವುದಕ್ಕೆ ಮೂರೇ ದಿನ ಮುಂಚೆ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದುದಕ್ಕಾಗಿ 1633ರಲ್ಲಿ ಧರ್ಮಾಧಿಕಾರಿಗಳ ವಿಚಾರಣೆಗೆ ಗುರಿಯಾಗಿ, ಫ್ಲಾರೆನ್ಸಿನ ಹೊರವಲಯದ ಆರ್ಚೆತ್ರಿಯಲ್ಲಿ ಗೃಹಬಂಧನದಲ್ಲಿದ್ದು, ಕಣ್ಣು ಕಳೆದುಕೊಂಡು, 1642ರಲ್ಲಿ ತೀರಿಕೊಂಡನು. ಭವ್ಯ ಸಮಾಧಿಗೆ ಪೋಪನ ಒಪ್ಪಿಗೆ ದೊರೆಯಲಿಲ್ಲ. ಇಗರ್ಜಿಯ ಮೂಲೆಯ ಒಂದು ಸಣ್ಣ ಕೋಣೆಯಲ್ಲಿ ತೊಂಬತ್ತೈದು ವರ್ಷ ಮಲಗಿದ್ದ ಮೇಲೆ, 1737ರಲ್ಲಿ ಅವನಿಗೆ ಈಗಿರುವ ಸಮಾಧಿ ಸಿಕ್ಕಿತು. ಸ್ಥಳಾಂತರ ಮಾಡುವಾಗ ಭಕ್ತರು ಅವನ ಬೆರಳುಗಳನ್ನು ಮುರಿದುಕೊಂಡರು. ಅವುಗಳಲ್ಲೊಂದು ಫ್ಲಾರೆನ್ಸಿನ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಭರಣಿಯಲ್ಲಿದೆ. ಮೂಢಭಕ್ತಿಯನ್ನು ಒಪ್ಪದ ವಿಜ್ಞಾನಿಗೆ ಸಂದ ಈ ಮರ್ಯಾದೆಯನ್ನು ಅವನೇ ಕಂಡಿದ್ದರೆ ಏನೆನ್ನುತ್ತಿದ್ದನೋ!

ರೋಮಿನಲ್ಲಿ ನೋಡಬೇಕಾದುದು ಬಹಳ. ಅದನ್ನೆಲ್ಲ ಹೇಳುವುದಕ್ಕೆ ಬೇರೊಂದು ಪುಸ್ತಕವೇ ಬೇಕು. ಕನ್ನಡಿಗನಾದವನು ಮಾತ್ರ ಅಲ್ಲಿ ಆರಾಚೆಲಿ ಇಗರ್ಜಿಯ ಎತ್ತರವಾದ ಮೆಟ್ಟಿಲುಗಳನ್ನು ಹತ್ತುವ ಶ್ರಮ ತೆಗೆದುಕೊಳ್ಳಬೇಕು. ಪಿಯೆಟ್ರೊ ಡೆಲ್ಲಾ ವಲ್ಲೆ ಎಂಬ ಶ್ರೀಮಂತ ಮನೆತನದ ರೋಮನ್ ಯಾತ್ರಿಕ ಅಲ್ಲಿ ಮಣ್ಣಾಗಿದ್ದಾನೆ. ಪರ್ಷಿಯಾದಲ್ಲಿ ತೀರಿಕೊಂಡ ತನ್ನ ಮಡದಿಯ ಶವವನ್ನು ಸುಗಂಧದ್ರವ್ಯಗಳಿಂದ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟುಕೊಂಡು, ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ದೇಶ ದೇಶಗಳನ್ನು ಸುತ್ತಿ, ಅದನ್ನು ಈ ಇಗರ್ಜಿಗೇ ತಂದವನು ಅವನು. ಆ ಸುತ್ತಾಟದ ನಡುವೆ 1623ರಲ್ಲಿ ಪೋರ್ಚುಗೀಸರ ರಾಯಭಾರಿಯೊಡನೆ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದನು. ದಾರಿಯಲ್ಲಿ ಗುಡಿಯ ಜಗುಲಿಯ ಮೇಲೆ ನಾಲ್ವರು ಹುಡುಗರು ನೆಲದಲ್ಲಿ ಮರಳು ಹರಡಿ, ರಾಗವಾಗಿ ಹಾಡುತ್ತ ಬೆರಳಿನಿಂದ ಲೆಕ್ಕ ಬರೆಯುತ್ತಿದ್ದುದನ್ನು ಕಂಡು ನಿಂತನು. ಕಾಗದ ಕೆಡುವ ಚಿಂತೆಯಿಲ್ಲದ ಈ ಕ್ರಮ ಅವನಿಗೆ ಬಹಳ ಮೆಚ್ಚುಗೆಯಾಯಿತು. ಉಳ್ಳಾಲದ ರಾಣಿಯನ್ನು ಅವನು ಕಂಡದ್ದು ಅರಮನೆಯಲ್ಲಲ್ಲ. ತೋಡಿಸುತ್ತಿದ್ದ ಕಾಲುವೆಗಳನ್ನು ನೋಡುವುದಕ್ಕೆ ಅವಳು ಬರಿಗಾಲಿನಲ್ಲಿ ಹೊರಟಿದ್ದಾಗ. ಇಂಥ ಸಣ್ಣ ಸಂಗತಿಗಳನ್ನು ಇಲ್ಲಿಯವರು ಬರೆದಿಡಬೇಕೆಂದು ಎಣಿಸಲಿಲ್ಲ. ದೂರದ ಊರಿನಿಂದ ಬಂದವನ ಕಣ್ಣಿಗೆ ಅವು ಬಿದ್ದವು.

ರೋಮಿನ ಬಳಿಯ ಚಿವಿತಾವೆಕ್ಕಿಯಾ ರೇವಿನಿಂದ ರಾತ್ರಿ ಹಡಗು ಹತ್ತಿದರೆ ಬೆಳಗಾಗುವ ಹೊತ್ತಿಗೆ ಸಾರ್ಡಿನಿಯಾ. ಅದರ ಈಶಾನ್ಯದ ತುದಿಯಲ್ಲಿ ಕಪ್ರೇರಾ ಎಂಬ ಪುಟ್ಟ ದ್ವೀಪವಿದೆ. ಇಟಲಿಯನ್ನು ಒಂದುಗೂಡಿಸಿದ ವೀರ ಗ್ಯಾರಿಬಾಲ್ಡಿ ಅಲ್ಲಿ ಬೇಸಾಯ ಮಾಡಿಕೊಂಡಿದ್ದು 1882ರಲ್ಲಿ ತೀರಿಕೊಂಡನು. ಅವನು ಹುಟ್ಟಿದ ನೀಸ್ ಪಟ್ಟಣವನ್ನು 1860ರಲ್ಲಿ ಫ್ರಾನ್ಸಿಗೆ ಬಿಟ್ಟುಕೊಟ್ಟರು. ದೇಶವನ್ನು ಕಟ್ಟಿದವನಿಗೆ ಹುಟ್ಟೂರೇ ಪರದೇಶವಾಯಿತು.

ಸಾರ್ಡಿನಿಯಾದ ಒಳನಾಡು ಬೆಟ್ಟಗುಡ್ಡಗಳ, ಕುರಿಗಾಹಿಗಳ ಸೀಮೆ. ಅಲ್ಲಿನ ನುವೊರೊ ಪಟ್ಟಣದಲ್ಲಿ 1871ರಲ್ಲಿ ಗ್ರಾತ್ಸಿಯಾ ದೆಲೆದ್ದಾ ಹುಟ್ಟಿದಳು. ಹೆಣ್ಣುಮಗಳಿಗೆ ಸಾಕೆಂದು ನಾಲ್ಕು ತರಗತಿಗಳ ಆಚೆಗೆ ಆಕೆಗೆ ಶಾಲೆಯ ಓದು ನಿಂತುಹೋಯಿತು. ಮನೆಯಲ್ಲಿ ಸಿಕ್ಕಿದ ಪುಸ್ತಕಗಳನ್ನೋದಿ, ಹದಿನೇಳರ ವಯಸ್ಸಿನಲ್ಲಿ ರೋಮಿನ ಪತ್ರಿಕೆಗೆ ಕಥೆ ಬರೆದು ಕಳುಹಿಸಿದಳು. ಕಥೆ ಅಚ್ಚಾದಾಗ ಊರು ಹಿಗ್ಗಲಿಲ್ಲ. ಮದುವೆಯಾಗಬೇಕಾದ ಹುಡುಗಿ ಪ್ರೇಮದ ಕಥೆ ಬರೆಯುವುದೇ ಎಂದು ನೆರೆಹೊರೆ ಗುಸುಗುಟ್ಟಿತು; ತಮ್ಮ ಮನೆಯ ಮಾತುಗಳೇ ಅಚ್ಚಾಗಬಹುದೆಂದು ಹೆದರಿತು. 1900ರಲ್ಲಿ ಮದುವೆಯಾಗಿ ರೋಮಿಗೆ ಹೋದ ದೆಲೆದ್ದಾ ಸಂಸಾರ, ಮಕ್ಕಳ ನಡುವೆ ಬಿಡುವು ಮಾಡಿಕೊಂಡು ಬರೆಯುತ್ತಲೇ ಹೋದಳು. ಬರೆದುದು ಬಹುಪಾಲು ನುವೊರೊದ ಬಗ್ಗೆಯೇ: ಅದರ ಕುರಿಗಾಹಿಗಳು, ಹಾಳುಬಿದ್ದ ಮನೆತನಗಳು, ಬೆಟ್ಟದ ಗಾಳಿ. 1926ನೆಯ ಸಾಲಿನ ನೊಬೆಲ್ ಬಹುಮಾನ ಆಕೆಗೆ ಬಂದಿತು. ಸಾಹಿತ್ಯಕ್ಕಾಗಿ ಅದನ್ನು ಪಡೆದ ಎರಡನೆಯ ಮಹಿಳೆ ಆಕೆ. 1936ರಲ್ಲಿ ರೋಮಿನಲ್ಲಿ ತೀರಿಕೊಂಡ ಆಕೆಯನ್ನು ಊರು 1959ರಲ್ಲಿ ಕರೆತಂದು, ಒರ್ತೊಬೇನೆ ಬೆಟ್ಟದ ಬುಡದ ಪುಟ್ಟ ಇಗರ್ಜಿಯಲ್ಲಿ ಮಲಗಿಸಿತು. ಆಕೆಯ ಕೊನೆಯ ಕಾದಂಬರಿಯ ಹೆಸರಿನಲ್ಲಿಯೇ ಆ ಇಗರ್ಜಿಯ ಹೆಸರಿದೆ. ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ. ಗುಸುಗುಟ್ಟಿದ ಬೀದಿಗಳಲ್ಲಿ ಪ್ರವಾಸಿಗರು ಆಕೆಯ ಪಾತ್ರಗಳನ್ನು ಹುಡುಕುತ್ತ ತಿರುಗುತ್ತಾರೆ.

ಸಿಸಿಲಿಯ ಪೂರ್ವ ತೀರದ ಸಿರಾಕ್ಯೂಸ್ ಬಹಳ ಹಳೆಯ ಊರು. ಕ್ರಿಸ್ತನಿಗೆ ಏಳುನೂರು ವರ್ಷಗಳಿಗೂ ಹಿಂದೆ ಗ್ರೀಸಿನ ಕೊರಿಂತ್‌ನಿಂದ ಬಂದವರು ಅದನ್ನು ಕಟ್ಟಿದರು. ಓರ್ತಿಜಿಯಾ ಎಂಬ ಕಿರುದ್ವೀಪದ ಮೇಲಿರುವ ಇಗರ್ಜಿಯ ಗೋಡೆಯಲ್ಲಿ ಅಥೀನಾ ದೇವಿಯ ಹಳೆಯ ಗುಡಿಯ ಕಂಬಗಳು ಇಂದಿಗೂ ಕಾಣುತ್ತವೆ. ಗಣಿತಜ್ಞ ಆರ್ಕಿಮಿಡೀಸ್ ಈ ಊರಿನವನು. ರೋಮನ್ನರು ಮುತ್ತಿಗೆ ಹಾಕಿದಾಗ ಅವನ ಯಂತ್ರಗಳು ಅವರನ್ನು ಬಹುಕಾಲ ತಡೆದವು. ಕ್ರಿ.ಪೂ. 212ರಲ್ಲಿ ಊರು ಬಿದ್ದಾಗ, ಕೊಲ್ಲಬಾರದೆಂಬ ಸೇನಾಪತಿಯ ಅಪ್ಪಣೆಯಿದ್ದರೂ, ಸೈನಿಕನೊಬ್ಬನು ಅವನನ್ನು ಕೊಂದನು. ಗೋಳ ಹಾಗೂ ಅದನ್ನು ಸರಿಯಾಗಿ ಒಳಗೊಳ್ಳುವ ಸ್ತಂಭಾಕೃತಿ ಇವುಗಳ ಸಂಬಂಧವನ್ನು ಕಂಡುಹಿಡಿದುದು ಆರ್ಕಿಮಿಡೀಸನಿಗೆ ಬಹಳ ಹೆಮ್ಮೆಯ ವಿಷಯ. ಗೋಳದ ಘನಫಲ ಸ್ತಂಭಾಕೃತಿಯದರ ಮೂರರಲ್ಲಿ ಎರಡು ಪಾಲು. ಆ ಎರಡು ಆಕೃತಿಗಳನ್ನೇ ಅವನ ಸಮಾಧಿಯ ಮೇಲೆ ನಿಲ್ಲಿಸಿದ್ದರು.

ನೂರಮೂವತ್ತೇಳು ವರ್ಷಗಳು ಕಳೆದ ಮೇಲೆ, ಕ್ರಿ.ಪೂ. 75ರಲ್ಲಿ, ಸಿಸೆರೊ ಎಂಬ ತರುಣ ರೋಮನ್ ಅಧಿಕಾರಿ ಸಿಸಿಲಿಗೆ ಬಂದನು. ಮುಂದೆ ಮಹಾವಾಗ್ಮಿಯೆಂದು ಹೆಸರಾದವನು ಇವನೇ. ಆರ್ಕಿಮಿಡೀಸನ ಸಮಾಧಿ ಎಲ್ಲಿ ಎಂದು ಸಿರಾಕ್ಯೂಸಿನ ಜನರನ್ನು ಕೇಳಿದರೆ, ಅಂಥದೊಂದು ಇಲ್ಲವೇ ಇಲ್ಲ ಎಂದರು. ಸಿಸೆರೊ ಊರ ಬಾಗಿಲ ಹೊರಗಿನ ಮಸಣದಲ್ಲಿ ಸುತ್ತಾಡಿ ನೋಡುತ್ತಿದ್ದಾಗ, ಮುಳ್ಳುಪೊದೆಗಳ ಮೇಲೆ ತುಸುವೇ ತಲೆಯೆತ್ತಿದ್ದ ಕಂಬವೊಂದು ಕಂಡಿತು. ಅದರ ತುದಿಯಲ್ಲಿ ಗೋಳವೂ ಸ್ತಂಭಾಕೃತಿಯೂ ಇದ್ದವು. ಕುಡುಗೋಲು ಹಿಡಿದ ಆಳುಗಳನ್ನು ಕರೆಯಿಸಿ ಪೊದೆ ಸವರಿಸಿದಾಗ, ಕೆಳಗೆ ಅರ್ಧ ಸವೆದ ಪದ್ಯದ ಸಾಲುಗಳೂ ಕಂಡವು. ಸಿಸೆರೊ ಆರ್ಪಿನಮ್ ಎಂಬ ಸಣ್ಣ ಊರಿನವನು. ಅಷ್ಟು ದೊಡ್ಡ ನಗರ ತನ್ನ ಮಹಾಮೇಧಾವಿಯ ಗುರುತನ್ನು ಆರ್ಪಿನಮ್‌ನವನೊಬ್ಬನಿಂದ ತಿಳಿಯಬೇಕಾಯಿತಲ್ಲ ಎಂದು ಅವನು ಮುಂದೆ ಬರೆದ ಗ್ರಂಥವೊಂದರಲ್ಲಿ ಹೇಳಿಕೊಂಡಿದ್ದಾನೆ. ಆ ಮಾತಿನಲ್ಲಿ ವ್ಯಥೆ ಎಷ್ಟಿದೆಯೋ ತನ್ನ ಊರಿನ ಹೆಮ್ಮೆಯೂ ಅಷ್ಟೇ ಇದೆ.

ಸಿಸೆರೊ ಕಂಡ ಆ ಸಮಾಧಿ ಆಮೇಲೆ ಮತ್ತೆ ಕಳೆದುಹೋಯಿತು. ಇಂದು ಸಿರಾಕ್ಯೂಸಿಗೆ ಹೋದವರಿಗೆ ಬಂಡೆಯಲ್ಲಿ ಕೊರೆದ, ಮೇಲೆ ತ್ರಿಕೋನದ ಹಣೆಪಟ್ಟಿಯಿರುವ ಗುಹೆಯೊಂದನ್ನು ಆರ್ಕಿಮಿಡೀಸನ ಸಮಾಧಿ ಎಂದು ತೋರಿಸುವುದುಂಟು. ಅದು ಅವನು ಸತ್ತು ಇನ್ನೂರು ವರ್ಷಗಳಿಗೂ ಮೇಲೆ ರೋಮನ್ನರು ಮಾಡಿಸಿಕೊಂಡ ಸಮಾಧಿ ಎಂದು ಪ್ರಾಕ್ತನಶಾಸ್ತ್ರಜ್ಞರು ಹೇಳಿದ್ದಾರೆ. ಆದರೂ ಹೆಸರು ಹಾಗೆಯೇ ಉಳಿದಿದೆ. ದೂರದೇಶಗಳಿಂದ ಬಂದವರು ಅದರ ಮುಂದೆ ನಿಂತು ಚಿತ್ರ ತೆಗೆದುಕೊಳ್ಳುತ್ತಾರೆ.